ಮಾರುವ ಮನೆಗಳನ್ನು ಒಪ್ಪ ಮಾಡಿದ ಹದಿನೆಂಟು ವರ್ಷ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಸೂರಿನ ಮೂಲೆಗೆ ಹೋಗುತ್ತದೆ. ಅಲ್ಲಿ ಜೇಡನ ಬಲೆ ಕಂಡರೆ ಕೈ ಸುಮ್ಮನಿರುವುದಿಲ್ಲ, ಕೈ ಎತ್ತಿದರೆ ಭುಜ ಬಿಡುವುದಿಲ್ಲ. ಹದಿನೆಂಟು ವರ್ಷ ಬೇರೆಯವರ ಗೋಡೆ ಒರೆಸಿದ್ದಕ್ಕೆ ನನಗೆ ಉಳಿದಿರುವುದು ಈ ಭುಜದ ನೋವು ಮತ್ತು ಆ ಕೆಟ್ಟ ಅಭ್ಯಾಸ.

ನನ್ನ ತಂಗಿಯ ಮಗಳು ಸುಮ ಈಗ ಮೈಸೂರಿನಲ್ಲಿ ಇದೇ ಕೆಲಸಕ್ಕೆ ಸೇರಿದ್ದಾಳೆ. ಅದಕ್ಕೆ ಹೋಂ ಸ್ಟೇಜಿಂಗ್ ಎಂದು ಹೆಸರಂತೆ, ಮೂರು ತಿಂಗಳ ಕೋರ್ಸೂ ಇದೆಯಂತೆ. "ದೊಡ್ಡಮ್ಮ, ನೀವು ಹೇಗೆ ಮಾಡ್ತಿದ್ರಿ ಅಂತ ಬರೆದುಕೊಡಿ, ನಮ್ಮ ಆಫೀಸಿನ ಹುಡುಗೀರಿಗೆ ಓದಿಸ್ತೀನಿ" ಎಂದು ಗಂಟುಬಿದ್ದಳು. ನಮ್ಮ ಕಾಲದಲ್ಲಿ ನಂಜನಗೂಡಿನಲ್ಲಿ ಇದಕ್ಕೆ ಹೆಸರೂ ಇರಲಿಲ್ಲ, ಕೋರ್ಸೂ ಇರಲಿಲ್ಲ. ಮನೆ ಬ್ರೋಕರ್ ರುದ್ರಪ್ಪನವರು "ಒಪ್ಪ ಮಾಡೋದು" ಎನ್ನುತ್ತಿದ್ದರು. ಮಾರಾಟಕ್ಕಿಟ್ಟ ಮನೆಯನ್ನು, ನೋಡಲು ಬರುವವರಿಗೆ ತಮ್ಮದೇ ಮನೆ ಎನ್ನಿಸುವ ಹಾಗೆ ಅಣಿ ಮಾಡಿಡುವುದು. ಇಷ್ಟೇ ಕೆಲಸ. ಬರೆಯಲು ಕೂತಮೇಲೆ ಇಷ್ಟೇ ಅಲ್ಲ ಎಂದು ಗೊತ್ತಾಗುತ್ತಿದೆ.

ನಾನು ಈ ಕೆಲಸಕ್ಕೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಅದೂ ಪೊರಕೆಯ ದೆಸೆಯಿಂದ. ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದೆ. ನಮ್ಮ ಬೀದಿಯಲ್ಲೇ ಒಂದು ಮನೆ ಮಾರಾಟಕ್ಕಿತ್ತು. ಅಣ್ಣತಮ್ಮಂದಿರು ಜಗಳವಾಡಿಕೊಂಡು, ಯಾರು ಗುಡಿಸಬೇಕು ಎಂಬುದಕ್ಕೂ ಪಂಚಾಯಿತಿ ಮಾಡುವ ಸ್ಥಿತಿಗೆ ಬಂದಿದ್ದರು. ಒಂದು ಬೆಳಿಗ್ಗೆ ರುದ್ರಪ್ಪನವರು ಬಾಗಿಲಿಗೆ ಬಂದು, "ಗೌರಕ್ಕ, ಹನ್ನೊಂದು ಗಂಟೆಗೆ ಪಾರ್ಟಿ ಬತ್ತದೆ. ಒಸಿ ಕಸ ಹೊಡ್ದು ಬಾಗಿಲಿಗೆ ನೀರಾಕ್ಕೊಡವ್ವ" ಎಂದರು. ನನಗೆ ಅರ್ಧಂಬರ್ಧ ಮಾಡಿ ಗೊತ್ತಿಲ್ಲ. ಕಸ ಹೊಡೆದೆ, ಹಗ್ಗದ ಮೇಲಿದ್ದ ಹಳೇ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ, ಹೊಸ್ತಿಲಿಗೆ ಅರಿಶಿನ ಬಳಿದೆ, ಒಲೆಯ ಮೇಲೆ ಏಲಕ್ಕಿ ಹಾಕಿ ಹಾಲು ಕಾಯಿಸಿದೆ. ಬಂದ ಗಂಡಹೆಂಡಿರು ಹಜಾರದಲ್ಲಿ ಕೂತವರು ಏಳಲಿಲ್ಲ. ಆ ವಾರವೇ ವ್ಯಾಪಾರ ಕುದುರಿತು. ರುದ್ರಪ್ಪನವರು ಊರೆಲ್ಲ, "ಮನೆ ಮಾರೋದು ನಾನಲ್ಲ ಕಣ್ರೀ, ಗೌರಕ್ಕನ ಪರಕೆ" ಎಂದು ಹೇಳಿಕೊಂಡು ತಿರುಗಿದರು. ಹೊಗಳಿಕೆಗೆ ಬಿದ್ದು ಹೋದೆ.

ಹೊಸಬರು ತಿಳಿಯಬೇಕಾದದ್ದು ಬಹಳ ಇಲ್ಲ. ಮೊದಲು ವಾಸನೆ. ಮನೆಯಲ್ಲಿರುವವರಿಗೆ ತಮ್ಮ ಮನೆಯ ವಾಸನೆ ಗೊತ್ತಾಗುವುದಿಲ್ಲ. ಬೆಳಗಿನ ಜಾವಕ್ಕೇ ಕಿಟಕಿಗಳನ್ನೆಲ್ಲ ತೆರೆಸಬೇಕು. ಎರಡನೆಯದು ಬೆಳಕು. ನಮ್ಮ ಕಡೆ ಕರೆಂಟು ಉಳಿಸಲೆಂದು ನಡುಮನೆಗೆ ಮಿಣುಕು ಬಲ್ಬು ಹಾಕಿರುತ್ತಿದ್ದರು. ನಾನು ನನ್ನ ಚೀಲದಲ್ಲೇ ನಾಲ್ಕು ದೊಡ್ಡ ಬಲ್ಬು ಇಟ್ಟುಕೊಂಡು ಹೋಗುತ್ತಿದ್ದೆ. ಕರೆಂಟು ಯಾವ ಹೊತ್ತಿಗೆ ಹೋಗುತ್ತದೆಂದು ಲೈನ್‌ಮ್ಯಾನ್ ಮನೆಯಲ್ಲಿ ಕೇಳಿ, ಆಮೇಲೆ ಪಾರ್ಟಿಗೆ ಬರಲು ಹೇಳುತ್ತಿದ್ದೆವು. ಮೂರನೆಯದು ಸಾಮಾನು. ಔಷಧಿ ಬಾಟಲಿ, ಹಳೇ ಕ್ಯಾಲೆಂಡರು, ಕಾಲು ಮುರಿದ ಕುರ್ಚಿ, ಕಟ್ಟಿದ ಸೊಳ್ಳೆಪರದೆ ಯಾವುದೂ ಕಣ್ಣಿಗೆ ಬೀಳಬಾರದು. ಮನೆ ಕೊಳ್ಳುವವನು ಅಲ್ಲಿ ತನ್ನ ಸಾಮಾನನ್ನು ಮನಸ್ಸಿನಲ್ಲೇ ಇಡುತ್ತಾ ಬರುತ್ತಾನೆ, ಅವನಿಗೆ ಜಾಗ ಬಿಡಬೇಕು.

ಹಾಗೆಂದು ಪೂರ್ತಿ ಖಾಲಿ ಮಾಡಿದರೂ ಕೆಟ್ಟಿತು. ಖಾಲಿ ಕೋಣೆ ಚಿಕ್ಕದಾಗಿ ಕಾಣುತ್ತದೆ, ಮಾತಾಡಿದರೆ ಗುಂಯ್ ಎನ್ನುತ್ತದೆ. ಅದಕ್ಕೇ ರುದ್ರಪ್ಪನವರು ಬೆತ್ತದ ಕುರ್ಚಿ ನಾಲ್ಕು, ಒಂದು ಟೀಪಾಯಿ, ಒಂದು ಹಿತ್ತಾಳೆ ದೀಪ ಇಟ್ಟುಕೊಂಡಿದ್ದರು. ಖಾಲಿ ಮನೆ ಎಲ್ಲಿದ್ದರೂ ಇವು ಆಟೋ ಹತ್ತಿ ಅಲ್ಲಿಗೆ ಹೋಗುತ್ತಿದ್ದವು. ಒಂದು ಸಲ ಕವಲಂದೆಯಲ್ಲಿ ಬೆಳಿಗ್ಗೆ ಒಂದು ಮನೆ ನೋಡಿದವರು, ಸಂಜೆ ನಂಜನಗೂಡಿನ ಇನ್ನೊಂದು ಮನೆಗೆ ಬಂದರು. ಆ ಮನುಷ್ಯ ಕುರ್ಚಿಯಲ್ಲಿ ಕೂತು, ಕೈಹಿಡಿಯಲ್ಲಿ ಬಿಚ್ಚಿದ್ದ ಬೆತ್ತವನ್ನು ಬೆರಳಲ್ಲಿ ಸವರಿ, "ಅಲ್ಲಾ ಸಾ, ಈ ಕುರ್ಚಿ ಬೆಳಗ್ಗೆ ಕವಲಂದೇಲಿ ಇತ್ತಲ್ವಾ?" ಎಂದ. ರುದ್ರಪ್ಪನವರು ಕಣ್ಣು ಮಿಟುಕಿಸದೆ, "ಎರಡು ಮನೆಯೋರೂ ಒಂದೇ ಅಂಗ್ಡೀಲಿ ತಕ್ಕಂಡವ್ರೆ ಕಣಪ್ಪ" ಎಂದರು. "ಬೆತ್ತಾನೂ ಒಂದೇ ಜಾಗದಲ್ಲಿ ಕಿತ್ತೋಗದೆ" ಎಂದು ಅವನು ನಗುತ್ತಾ ಎದ್ದುಹೋದ. ಎರಡು ಮನೆಯೂ ಕೈತಪ್ಪಿದವು.

ಚಿಕ್ಕಯ್ಯನಛತ್ರದಲ್ಲಿ ಆದದ್ದು ಇನ್ನೊಂದು ಬಗೆ. ಅಲ್ಲಿ ಒಂದು ಮನೆಯನ್ನು ಮೂರು ದಿನ ಕೂತು ಒಪ್ಪ ಮಾಡಿದೆ. ಕೆಂಪು ಗಾರೆಯ ನೆಲಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಅಡುಗೆಮನೆಯ ಹೊಗೆ ಕೆರೆದು ಸುಣ್ಣ ಹೊಡೆಸಿ, ಹಿತ್ತಿಲಿನ ಕಳೆ ತೆಗೆಸಿ ತುಳಸಿಕಟ್ಟೆ ಕಾಣುವ ಹಾಗೆ ಮಾಡಿದೆ. ತೌರಿಗೆ ಹೋಗಿದ್ದ ಆ ಮನೆಯೊಡತಿ, ಪಾರ್ಟಿ ಬರುವ ದಿನ ಬೆಳಿಗ್ಗೆ ಬಸ್ಸಿಳಿದು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಒಂದು ಸುತ್ತು ಬಂದಳು. ನಡುಮನೆಯಲ್ಲಿ ಕೂತು, "ಇದು ನಮ್ಮನೇನಾ? ನಾನು ಮಾರಕ್ಕೆ ಬುಡಕಿಲ್ಲ" ಎಂದಳು. ಗಂಡ ಗೋಗರೆದ, ರುದ್ರಪ್ಪನವರು ಕೂಗಾಡಿದರು. ಅವಳು ಜಗ್ಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ರುದ್ರಪ್ಪನವರು, "ಒಪ್ಪ ಮಾಡು ಅಂದ್ರೆ ಇಷ್ಟೊಂದಾ?" ಎಂದು ಉದ್ದಕ್ಕೂ ಬೈದರು. ಬೈಸಿಕೊಂಡು ನಗು ಬಂದದ್ದು ಆ ಒಂದೇ ಸಲ.

ರುದ್ರಪ್ಪನವರ ಬಗ್ಗೆ ಎರಡು ಮಾತು ಹೇಳಬೇಕು. ಕೆಟ್ಟ ಮನುಷ್ಯರಲ್ಲ. ಆದರೆ ಒಪ್ಪ ಮಾಡುವುದಕ್ಕೂ ಮುಚ್ಚಿಡುವುದಕ್ಕೂ ಅವರಿಗೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಕಪಿಲೆಗೆ ಹತ್ತಿರದ ಬೀದಿಯಲ್ಲಿ ಒಂದು ಮನೆ ಇತ್ತು. ಹೊಳೆ ತುಂಬಿದ ವರ್ಷ ನೀರು ಒಳಗೆ ಬಂದು ಗೋಡೆಗೆ ಮೊಣಕಾಲೆತ್ತರದಲ್ಲಿ ಗೆರೆ ಬಿದ್ದಿತ್ತು. ಸುಣ್ಣ ಹೊಡೆದರೂ ವಾರದಲ್ಲಿ ಆ ಗೆರೆ ಮತ್ತೆ ಮೇಲೆ ಬರುತ್ತಿತ್ತು. "ಬೀರು ಅಡ್ಡ ಇಡು" ಎಂದರು. ಇಟ್ಟೆ. ನೋಡಲು ಬಂದ ಹೆಂಗಸು ತನ್ನ ಬೀರು ಆ ಜಾಗದಲ್ಲಿ ಹಿಡಿಯುತ್ತದೋ ಎಂದು ಅಳೆಯಲು ಅದನ್ನೇ ಪಕ್ಕಕ್ಕೆ ಸರಿಸಿದಳು. ಆ ದಿನ ಅವಳು ನೋಡಿದ್ದು ಗೆರೆಯನ್ನಲ್ಲ, ನನ್ನ ಮುಖವನ್ನು. ಇನ್ನು ಇಂಥದ್ದಕ್ಕೆ ನನ್ನನ್ನು ಕರೆಯಬೇಡಿ ಎಂದು ರುದ್ರಪ್ಪನವರಿಗೆ ಹೇಳಿದೆ. ಹೇಳಿದೆ, ಅಷ್ಟೆ. ಕರೆದರು, ಹೋದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಕೆಲಸದ ರೀತಿ ಬದಲಾಯಿತು. ಸುಣ್ಣ ಹೋಗಿ ಎಮಲ್ಷನ್ ಬಂತು, ಗಾರೆ ಹೋಗಿ ಟೈಲ್ಸ್ ಬಂತು. ವಾಸ್ತುವಿನವರು ಬಂದು ನಾನು ಉಜ್ಜಿ ಬೆಳಗಿಸಿದ ಅಡುಗೆಮನೆಯನ್ನೇ ಒಡೆಯಲು ಹೇಳಿ ಹೋಗುತ್ತಿದ್ದರು. ಎಲ್ಲರ ಕೈಗೆ ಮೊಬೈಲು ಬಂದು, ಪಾರ್ಟಿಗಳು ಹೇಳಿದ ಹೊತ್ತಿಗೆ ಬರುವುದನ್ನು ಬಿಟ್ಟರು, ಹೊರಟೆವು ಹೊರಟೆವು ಎಂದು ಫೋನಿನಲ್ಲೇ ಹೇಳುತ್ತಿದ್ದರು. ಕಾದು ಕಾದು ಹಾಲು ಮೂರು ಸಲ ಕಾಯಿಸಿದ್ದುಂಟು. ನನಗೆ ಆಗಲೇ ಸಾಕಾಗತೊಡಗಿತ್ತು.

ಆ ದಿನಗಳಲ್ಲೇ ತಿರುಮಕೂಡಲು ನರಸೀಪುರದ ನಿಂಗಯ್ಯ ಮೇಷ್ಟ್ರ ಮನೆ ಬಂತು. ಸುಮಳ ಆಫೀಸಿನ ಹುಡುಗಿಯರು ಉಳಿದದ್ದನ್ನು ಮರೆತರೂ ಇದನ್ನು ಓದಲಿ.

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿ ಆಗಷ್ಟೇ ನಿವೃತ್ತರಾಗಿದ್ದರು. ಹೊಸ ಬಡಾವಣೆಯಲ್ಲಿ ಅಚ್ಚುಕಟ್ಟಾದ ಮನೆ, ಮುಂದೆ ಸಪೋಟ ಗಿಡ, ಹಿಂದೆ ಸಿಹಿನೀರಿನ ಬಾವಿ. ಅವರ ಹೆಂಡತಿ ಚಂದ್ರಮ್ಮನಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಮೈಸೂರಿನ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕಿತ್ತು. ಹೋಗುವಾಗ ಹೇಗೋ ಹೋಗುತ್ತಿದ್ದರು. ಬರುವಾಗ ಬಸ್ಸಿನ ಸೀಟಿನ ಕಂಬಿಗೆ ತಲೆ ಇಟ್ಟವರಿಗೆ, ಇಳಿಯುವ ಹೊತ್ತಿಗೆ ನಿಲ್ಲಲಾಗುತ್ತಿರಲಿಲ್ಲ. ಆಸ್ಪತ್ರೆಯ ಹತ್ತಿರವೇ ಮನೆ ಮಾಡಿಕೊಳ್ಳಿ, ಈ ಓಡಾಟ ಇವರ ಮೈಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಈ ಮನೆ ಮಾರದೆ ಅದಾಗುವಂತಿರಲಿಲ್ಲ. ಕುಡಿಯುವ ನೀರಿಗೂ ಡಾಕ್ಟರು ಅಳತೆ ಹಾಕಿದ್ದರು. ಸುಡುವ ಬಿಸಿಲಲ್ಲೂ ಆಕೆ ತುಟಿ ಒದ್ದೆ ಮಾಡಿಕೊಂಡು ಸುಮ್ಮನಾಗುತ್ತಿದ್ದರು.

ಮನೆ ಒಂದು ವರ್ಷದಿಂದ ಮಾರಾಟಕ್ಕಿತ್ತು. ಬಂದವರೆಲ್ಲ ಬಾವಿ ನೋಡಿ ಖುಷಿಪಟ್ಟು, ಹಜಾರಕ್ಕೆ ಬಂದು ಕೂತು, ಗೋಡೆ ನೋಡಿ, ಹೇಳಿಕಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಗೋಡೆಯ ಮೇಲೆ ಬುದ್ಧನ ದೊಡ್ಡ ಪಟ ಇತ್ತು. ಇವರು ಯಾವ ಜನ ಎಂಬುದು ಅದರಿಂದಲೇ ಬಂದವರಿಗೆ ತಿಳಿಯುತ್ತಿತ್ತು. ಯಾರೂ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಒಬ್ಬರು ಬಾಗಿಲು ಸಣ್ಣದಾಯಿತು ಎಂದರಂತೆ, ಒಬ್ಬರು ಸಪೋಟ ಗಿಡ ಮನೆ ಮುಂದೆ ಇರಬಾರದು ಎಂದರಂತೆ.

"ಆ ಪಟ ಒಂದ್ನ ಇಳಿಸ್ಬುಡು ಗೌರಕ್ಕ. ಅಡ್ವಾನ್ಸ್ ಕೈಗೆ ಬಂದ್ಮೇಲೆ ಗೊತ್ತಾದ್ರೆ ಗೊತ್ತಾಗ್ಲಿ" ಎಂದರು ರುದ್ರಪ್ಪನವರು.

ನಾನು ನಾಲ್ಕು ದಿನ ಆ ಮನೆಯಲ್ಲಿ ಕೆಲಸ ಮಾಡಿದೆ. ಗೋಡೆ ತೊಳೆದೆ, ಕಿಟಕಿ ಸರಳುಗಳನ್ನು ಉಜ್ಜಿದೆ, ಬಾವಿಕಟ್ಟೆಯ ಪಾಚಿ ಕೆರೆದೆ. ಪಟದ ಮಾತು ಬಾಯಿಗೆ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ಮಧ್ಯಾಹ್ನ ಪಾರ್ಟಿ ಬರುವುದಿದೆ ಎಂದಾಗ ಹೇಳಲೇಬೇಕಾಯಿತು. "ಮೇಷ್ಟ್ರೇ, ಒಂದು ಗಂಟೆ ಹೊತ್ತು ಆ ಪಟ ಒಳಗಿಟ್ಟರೆ..." ಎಂದೆ. ಮೇಷ್ಟ್ರು ಓದುತ್ತಿದ್ದ ಪೇಪರನ್ನು ಮಡಿಸಿದರು. ಗೋಡೆಗೆ ಒರಗಿ ಕೂತಿದ್ದ ಚಂದ್ರಮ್ಮನೇ, "ಇಳಿಸಿ ಅತ್ಲಾಗೆ. ಬಸ್ಸಲ್ಲಿ ಓಗಿ ಬರೋಳು ನಾನು, ಬುದ್ಧ ಅಲ್ಲ" ಎಂದರು. ಹೇಳಿ ನಕ್ಕರು. ಮೇಷ್ಟ್ರು ಯಾರನ್ನೂ ಮುಟ್ಟಗೊಡದೆ ತಾವೇ ಸ್ಟೂಲು ಹತ್ತಿ ಪಟ ಇಳಿಸಿ, ಟವೆಲಿನಲ್ಲಿ ಸುತ್ತಿ ಒಳಗಿನ ಮಂಚದ ಮೇಲೆ ಮಲಗಿಸಿದರು.

ಪಟ ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಮಾಸದೆ ಉಳಿದು, ದೊಡ್ಡ ಚೌಕ ಎದ್ದು ಕಾಣುತ್ತಿತ್ತು. ಅದು ಗೊತ್ತಿದ್ದೇ ನಾನು ನಮ್ಮ ಮನೆಯಿಂದ ಶಿವನ ಪಟ ತಂದಿದ್ದೆ. ಅದು ಸಾಲಲಿಲ್ಲ, ಒಂದು ಗೇಣು ಚೌಕ ಹೊರಗೇ ಉಳಿಯಿತು. ಹೀಗೂ ಆಗಬಹುದೆಂದು ನಮ್ಮ ಮನೆಯವರು ನಡೆದುಕೊಳ್ಳುವ ಮಠದ ಹಿರಿಯ ಸ್ವಾಮಿಗಳ ಪಟವನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಎರಡನ್ನೂ ಒತ್ತಿಗೆ ತೂಗುಹಾಕಿದೆ, ಹೂ ಮುಡಿಸಿದೆ, ಊದುಬತ್ತಿ ಹಚ್ಚಿದೆ. ದೂರ ನಿಂತು ನೋಡಿದರೆ ಎಷ್ಟೋ ವರ್ಷದಿಂದ ಅಲ್ಲೇ ಇದ್ದ ಹಾಗಿತ್ತು. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ.

ಬಂದವರು ಮೂಗೂರಿನ ಒಬ್ಬ ಬೆಲ್ಲದ ವ್ಯಾಪಾರಿ ಮತ್ತು ಅವರ ತಾಯಿ. ಅಜ್ಜಿ ಹೊಸ್ತಿಲು ದಾಟಿದವರೇ ಪಟಗಳಿಗೆ ಕೈಮುಗಿದರು. ಬಾವಿಯ ನೀರು ಸೇದಿಸಿ ನೋಡಿದರು, ಅಡುಗೆಮನೆಯ ಕಟ್ಟೆಯನ್ನು ಸವರಿದರು. ಚಂದ್ರಮ್ಮ ನಿಂಬೆಹಣ್ಣಿನ ಪಾನಕ ತಂದುಕೊಟ್ಟರು. ಅಜ್ಜಿ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಪಾನಕ ಗುಟುಕರಿಸುತ್ತಾ, ಮಗನಿಗೆ, "ಮನೆ ಲಕ್ಷಣವಾಗದೆ ಕಣೋ. ಮಾತಾಡ್ಬುಡು" ಎಂದರು. ರುದ್ರಪ್ಪನವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಚಂದ್ರಮ್ಮ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು. ಆಕೆಯ ಮುಖದಲ್ಲಿ ಮೊದಲ ಸಲ ಸ್ವಲ್ಪ ಗೆಲುವು ಕಂಡೆ.

ಆಗ ಅಜ್ಜಿ ಮೇಷ್ಟ್ರ ಕಡೆ ತಿರುಗಿ, "ನಮ್ಮೋರೇ ಆದ್ರಲ್ಲ, ಬಲು ಸಂತೋಷ. ಈ ಸ್ವಾಮಿಗೋಳ ಮಠಕ್ಕೇ ನಮ್ಮ ತೌರುಮನೆಯೋರೂ ಒಕ್ಕಲು. ನಿಮ್ಮದು ಯಾವ ಊರ ಕಡೆ ಒಕ್ಕಲು ಮೇಷ್ಟ್ರೇ?" ಎಂದು ಕೇಳಿದರು.

ರುದ್ರಪ್ಪನವರು ಥಟ್ಟನೆ, "ಇಲ್ಲೇ ಸುತ್ತಮುತ್ತಲೋರೇ ಕಣವ್ವ. ಬನ್ನಿ, ಇತ್ತಿಲು ಇನ್ನೊಂದ್ಸಲ ನೋಡಾನ" ಎಂದರು.

"ನೀ ಸುಮ್ಕಿರಪ್ಪ. ನಾನು ಮೇಷ್ಟ್ರನ್ನ ಕೇಳ್ತಾವ್ನಿ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆಕೆ ನೆಲ ನೋಡುತ್ತಿದ್ದರು. ಒಂದು ಊರಿನ ಹೆಸರು ಹೇಳಿದ್ದರೆ ಸಾಕಿತ್ತು, ಯಾವ ಊರಾದರೂ ಆಗುತ್ತಿತ್ತು. ಮೇಷ್ಟ್ರು ಎದ್ದು ನಿಂತು, "ನಾವು ಯಾವ ಮಠಕ್ಕೂ ಒಕ್ಕಲಲ್ಲ ಕಣಮ್ಮ. ಆ ಪಟ ಎರಡೂ ನಮ್ಮವಲ್ಲ. ನಮ್ಮದು ಒಳಗದೆ" ಎಂದರು. ಒಳಗೆ ಹೋಗಿ ಬುದ್ಧನ ಪಟ ತಂದು, ಟವೆಲು ಬಿಚ್ಚಿ ಕುರ್ಚಿಯ ಮೇಲೆ ನಿಲ್ಲಿಸಿದರು.

ಅಜ್ಜಿ ಬಯ್ಯಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಟೀಪಾಯಿಯ ಮೇಲೆ ಇಟ್ಟರು. ಅದರಲ್ಲಿ ಅರ್ಧ ಪಾನಕ ಉಳಿದಿತ್ತು. "ಯೋಚ್ನೆ ಮಾಡಿ ಯೋಳ್ತೀವಿ ಸಾ" ಎಂದ ಮಗ. ರುದ್ರಪ್ಪನವರು ಅವರ ಹಿಂದೆಯೇ ಗೇಟಿನವರೆಗೆ ಓಡಿದರು.

ಮನೆ ಕೊನೆಗೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ. ಎಂಟು ತಿಂಗಳ ಮೇಲೆ, ಅವರದೇ ಜನದ ಒಬ್ಬ ಪಶು ಆಸ್ಪತ್ರೆಯ ನೌಕರರು ಕೊಂಡರು. ಹಜಾರದಲ್ಲಿ ಬುದ್ಧನ ಪಟ ಇದ್ದೇ ಇತ್ತು, ಒಪ್ಪ ಮಾಡಲು ನನ್ನನ್ನು ಯಾರೂ ಕರೆದಿರಲಿಲ್ಲ. ಆ ಎಂಟು ತಿಂಗಳೂ ಚಂದ್ರಮ್ಮ ಬಸ್ಸಿನಲ್ಲೇ ಓಡಾಡಿದರು. ಒಂದು ಸಲ ಬಸ್ಸಿಳಿಯುವಾಗ ಬಿದ್ದು ಮುಂಗೈ ಮುರಿದುಕೊಂಡರಂತೆ. ಮೈಸೂರಿಗೆ ಹೋದ ಮೇಲೆ ಒಂದು ವರ್ಷ ಇದ್ದರು, ಆಮೇಲೆ ತೀರಿಕೊಂಡರು. ಎಂಟು ತಿಂಗಳು ಮೊದಲೇ ಹೋಗಿದ್ದರೆ ಇನ್ನಷ್ಟು ದಿನ ಇರುತ್ತಿದ್ದರೋ ಏನೋ, ಗೊತ್ತಿಲ್ಲ. ಶಿವನ ಪಟ ಒಂದೇ ಇದ್ದಿದ್ದರೆ ಅಜ್ಜಿ ಕೈಮುಗಿದು ಸುಮ್ಮನಾಗುತ್ತಿದ್ದರು. ಮಠದ ಪಟ ನೋಡಿದ್ದರಿಂದಲೇ ಆ ಪ್ರಶ್ನೆ ಬಂತು. ಆ ಪಟ ತೂಗುಹಾಕಿದವಳು ನಾನು. ಆಮೇಲೂ ನಾನು ಕೆಲಸ ಬಿಡಲಿಲ್ಲ, ಇನ್ನೂ ಕೆಲವು ವರ್ಷ ಮಾಡಿದೆ. ಯಾರ ಗೋಡೆಯ ದೇವರ ತಂಟೆಗೂ ಹೋಗಲಿಲ್ಲ, ಅಷ್ಟೆ.

ಆ ಮಧ್ಯಾಹ್ನ ಹಜಾರದಲ್ಲಿ ಉಳಿದದ್ದು ನಾನು ಮತ್ತು ಚಂದ್ರಮ್ಮ. ಮೇಷ್ಟ್ರು ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತಿದ್ದರು. ಗಂಡನನ್ನು ಬೈಯುತ್ತಾರೇನೋ ಎಂದುಕೊಂಡೆ, ಬೈಯಲಿಲ್ಲ. ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು ನಾನೇ ಬಾಯಿ ತೆಗೆದೆ. "ಎಂಥ ಜನ ನೋಡಿ ಚಂದ್ರಮ್ಮೋರೆ, ಕುಡೀತಿದ್ದ ಲೋಟವನ್ನ ಅರ್ಧಕ್ಕೆ ಇಟ್ಟು ಹೋದ್ರಲ್ಲ. ಈ ಕಾಲದಲ್ಲೂ ಹಿಂಗಾ?" ಎಂದೆ.

ಚಂದ್ರಮ್ಮ ನನ್ನನ್ನೇ ನೋಡಿದರು. ಕೋಪ ಇರಲಿಲ್ಲ. ದಣಿದಿದ್ದರು.

"ಅವ್ರು ಅರ್ಧ ಲೋಟನಾದ್ರೂ ಕುಡುದ್ರು ಗೌರಮ್ಮೋರೆ. ನೀವು ನಾಕು ದಿನದಿಂದ ಈ ಬಿಸಿಲಲ್ಲಿ ನಮ್ಮನೆ ಗೋಡೆ ತೊಳೀತಿದೀರಿ. ದಿನಾ ಕಾಪಿ ತಂದುಕೊಟ್ಟೆ, ಈಗ್ತಾನೆ ಕುಡುದ್ ಬಂದೆ ಅಂದ್ರಿ. ನೀರು ಕೊಟ್ಟೆ, ಆಮೇಲೆ ಅಂದ್ರಿ. ನಿಮ್ಮ ಚೀಲದಲ್ಲಿ ಬಾಟ್ಲಿ ಇರೋದ್ನ ನಾನು ನೋಡ್ನಿಲ್ವಾ?"

"ನನಗೆ ಗ್ಯಾಸ್ಟ್ರಿಕ್ಕು ಚಂದ್ರಮ್ಮೋರೆ, ಹೊರಗಿನ ನೀರು ಕುಡಿಯೋ ಹಂಗಿಲ್ಲ" ಎಂದೆ.

"ನನಗೆ ನೀರು ಕುಡೀಬ್ಯಾಡ ಅಂದೋರು ಡಾಕ್ಟ್ರು. ನಿಮಗ್ಯಾರು ಅಂದೋರು?"

ಇನ್ನೊಂದು ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. "ಯಾರೂ ಅಂದಿಲ್ಲ" ಎಂದೆ. ಚಂದ್ರಮ್ಮ ಟೀಪಾಯಿಯ ಮೇಲಿನ ಲೋಟ ಎತ್ತಿಕೊಂಡು ಒಳಗೆ ಹೋದರು. ನಾನು ಸ್ಟೂಲು ಹತ್ತಿ ನನ್ನ ಪಟ ಎರಡನ್ನೂ ಇಳಿಸಿ ಚೀಲಕ್ಕೆ ಹಾಕಿಕೊಂಡೆ. ಬಸ್‌ಸ್ಟಾಂಡಿಗೆ ನಡೆದು ಬಂದು, ಗಂಟಲು ಒಣಗಿ ಹೋಗಿದ್ದರಿಂದ, ಬಾಟಲಿಯಲ್ಲಿ ಉಳಿದಿದ್ದ ನಮ್ಮ ಮನೆಯ ನೀರನ್ನೇ ಕುಡಿದು ನಂಜನಗೂಡಿನ ಬಸ್ಸು ಹತ್ತಿದೆ.